ಅಭ್ಯಾಸ ಗಿಭ್ಯಾಸ ಏನಾದರೂ ಇದೆಯಾ?

ಲಗ್ಗೆರೆಯ ಪಿಳ್ಳಮ್ಮನಿಗೆ ಅನುಮಾನ ಪಡುವುದು ಉಸಿರಾಡಿದಷ್ಟೇ ಸಲೀಸು. ಹಾಲು ತೆಳ್ಳಗಿದ್ದರೆ ಹಾಲಿನವನ ಮೇಲೆ ಅನುಮಾನ, ಗಟ್ಟಿಯಾಗಿದ್ದರೆ ಅದಕ್ಕೇನು ಬೆರೆಸಿದನೋ ಎಂದು ಮತ್ತೆ ಅವನ ಮೇಲೆಯೇ ಅನುಮಾನ. ಎದುರು ಮನೆಯವಳು ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಯಾಕೆ ನಗಲಿಲ್ಲ. ಇಂಥ ಹೆಂಗಸು ಇಡೀ ಊರಿನಲ್ಲಿ ಒಬ್ಬನ ಮೇಲೆ ಮಾತ್ರ ಅನುಮಾನ ಪಟ್ಟವಳಲ್ಲ. ಅವನು ಅವಳ ಗಂಡ ಸೊಣ್ಣಪ್ಪ.

ಪಡುವ ಅಗತ್ಯವೂ ಇರಲಿಲ್ಲ ಬಿಡಿ, ಎಲ್ಲ ಕಣ್ಣೆದುರೇ ನಡೆಯುತ್ತಿತ್ತು. ಸೊಣ್ಣಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರು. ಶಿಫ್ಟು ಮುಗಿಸಿ ಬರುವಾಗ ಕುಡಿದೇ ಬರುತ್ತಿದ್ದ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತಿತ್ತು, ಆ ನಡುಕ ನಿಲ್ಲಿಸಲು ಹಲ್ಲುಜ್ಜುವ ಮೊದಲೇ ಒಂದಿಷ್ಟು ಗಂಟಲಿಗೆ ಸುರಿದುಕೊಳ್ಳುತ್ತಿದ್ದ. ಆದರೆ ಕುಡಿತ ಎಂಬ ಮಾತು ಮಾತ್ರ ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಅವನು ಜಗಲಿಯ ಮೇಲೆ ಬಿದ್ದಿದ್ದರೆ ಆಯಾಸ, ವಾಂತಿ ಮಾಡಿಕೊಂಡರೆ ಗ್ಯಾಸು, ಕೆಲಸಕ್ಕೆ ಹೋಗದಿದ್ದರೆ ಮೈಕೈ ನೋವು. ಸೂಪರ್‌ವೈಸರು ಫೋನ್ ಮಾಡಿದರೆ ಪಿಳ್ಳಮ್ಮನೇ ಎತ್ತಿ, "ಇವತ್ತು ಅವ್ರಿಗೆ ಮೈ ಉಸಾರಿಲ್ಲ ಸಾ" ಎಂದು ಎಷ್ಟು ನಯವಾಗಿ ಹೇಳುತ್ತಿದ್ದಳೆಂದರೆ, ಆ ಕಡೆಯವನು ಪಾಪ ಅಂದು ಫೋನ್ ಇಡಬೇಕು. ಸುಳ್ಳು ಹೇಳಿದೆ ಎಂದು ಅವಳಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಗಂಡನ ಮರ್ಯಾದೆ ಕಾಯುವುದು ಸುಳ್ಳು ಹೇಗಾಗುತ್ತದೆ?

ಒಂದು ಭಾನುವಾರ ಬೆಳಿಗ್ಗೆ ನೀರಿನ ಟ್ಯಾಂಕು ನೋಡುತ್ತೇನೆಂದು ಕಬ್ಬಿಣದ ಏಣಿ ಹತ್ತಿದ ಸೊಣ್ಣಪ್ಪ ಅಲ್ಲಿಂದ ಜಾರಿ ಬಿದ್ದ. ತೊಡೆಯ ಮೂಳೆ ಮುರಿಯಿತು. ಮಹಡಿಯ ಮೇಲಿದ್ದ ಅವನ ತಮ್ಮ ಬಾಲಾಜಿ ಓಡಿ ಬಂದು, ತನ್ನ ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ, ಅಣ್ಣನನ್ನು ಮಲಗಿಸಿಕೊಂಡು ಇಎಸ್‌ಐ ಆಸ್ಪತ್ರೆಗೆ ಹೊರಟ. ಕಾರ್ಖಾನೆಯ ಕೆಲಸಗಾರರಿಗೆಂದೇ ಸರ್ಕಾರ ಮಾಡಿದ ವಿಮೆ ಅದು, ಕಾರ್ಡು ತೋರಿಸಿದರೆ ಸಾಕು, ಚಿಕಿತ್ಸೆಗೆ ಕೈಯಿಂದ ಕೊಡಬೇಕಿಲ್ಲ. ಪಿಳ್ಳಮ್ಮ ಆ ಕಾರ್ಡನ್ನು ಕುಪ್ಪಸದೊಳಗೆ ತುರುಕಿಕೊಂಡು ಗಂಡನ ತಲೆಯ ಬಳಿ ಕುಳಿತಿದ್ದಳು. ಆಸ್ಪತ್ರೆಯ ಗೇಟು ಕಾಣುತ್ತಿದ್ದಂತೆ ಬಾಲಾಜಿ ಗಾಡಿ ನಿಲ್ಲಿಸಿ ಹಿಂದೆ ಬಂದ.

"ಅತ್ತಿಗೆ, ಒಂದ್ ಮಾತು. ಒಳಗಡೆ ಅಭ್ಯಾಸ ಗಿಭ್ಯಾಸ ಏನಾದ್ರೂ ಇದೆಯಾ ಅಂತ ಕೇಳೇ ಕೇಳ್ತಾರೆ. ಇಲ್ಲ ಅಂದ್ಬಿಡಿ. ಲಕ್ಷ್ಮಣಪ್ಪಂದು ನೆನಪೈತಲ್ಲ?"

ನೆನಪಿಲ್ಲದೆ ಏನು! ಲಕ್ಷ್ಮಣಪ್ಪ ಅದೇ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಮೆಷಿನ್ನಿನವನು. ಬೆರಳು ಮೆಷಿನ್ನಿಗೆ ಸಿಕ್ಕಿದ ದಿನ ಬಾಯಿ ವಾಸನೆ ಬರುತ್ತಿತ್ತು ಎಂದು ಯಾರೋ ಹೇಳಿದರಂತೆ, ಅಷ್ಟಕ್ಕೇ ಮಾಲೀಕರು ತಕರಾರು ತೆಗೆದು ಪರಿಹಾರವೆಲ್ಲ ಮುಳುಗಿಹೋಯಿತಂತೆ. ನಿಜ ಎಷ್ಟೋ, ಬಣ್ಣ ಎಷ್ಟೋ. ಆ ಕತೆ ಮಾತ್ರ ಶೆಡ್ಡಿನಿಂದ ಶೆಡ್ಡಿಗೆ, ಟೀ ಅಂಗಡಿಯಿಂದ ಟೀ ಅಂಗಡಿಗೆ ಹೋಗಿ, ಆಸ್ಪತ್ರೆಯಲ್ಲಿ ಕುಡಿತದ ಹೆಸರೆತ್ತಿದರೆ ಕಾರ್ಡು ರದ್ದು, ಕೆಲಸವೂ ರದ್ದು ಎಂಬಲ್ಲಿಗೆ ಬಂದು ನಿಂತಿತ್ತು.

"ಅಷ್ಟ್ ತಿಳಿಯಾಕಿಲ್ವಾ ನಂಗೆ? ನೀನ್ ಗಾಡಿ ಒಡಿ" ಎಂದ ಪಿಳ್ಳಮ್ಮ, ವಾಸನೆ ಹೊಡೆಯದಿರಲೆಂದು ಗಂಡನ ಬಾಯಿಗೆ ಎರಡು ಲವಂಗ ತುರುಕಿದಳು.

ಕೇಳಿಯೇ ಕೇಳಿದರು. ಮೊದಲು ನರ್ಸು ಕೇಳಿದಳು. "ಕಾಪೀನೂ ಮುಟ್ಟಾಕಿಲ್ಲ ಮೇಡಂ" ಎಂದಳು ಪಿಳ್ಳಮ್ಮ. ಸೊಣ್ಣಪ್ಪ ನೋವಿನಲ್ಲೂ ಹೂಂ ಎಂದು ತಲೆಯಾಡಿಸಿದ. ಆಮೇಲೆ ಮೂಳೆ ಡಾಕ್ಟರು ಶಿವಶಂಕರ್ ಬಂದು ಅದನ್ನೇ ಕೇಳಿದರು. ಅವರಿಗೂ ಅದೇ ಉತ್ತರ. ಊತ ಇಳಿಯಲಿ, ಆಮೇಲೆ ಆಪರೇಷನ್ ಮಾಡೋಣ ಎಂದು ಹೇಳಿ, ಕಾಲಿಗೆ ತೂಕ ಕಟ್ಟಿ ಇಳಿಬಿಟ್ಟು, ಅವನನ್ನು ಗಂಡಸರ ವಾರ್ಡಿನ ಕಿಟಕಿ ಪಕ್ಕದ ಮಂಚಕ್ಕೆ ಹಾಕಿಸಿದರು.

ಮಾರನೆಯ ದಿನ ಬಂದವಳು ಯಮುನಾ. ಕಾಟನ್ ಸೀರೆ, ಹೆಗಲಿಗೊಂದು ಬಟ್ಟೆ ಚೀಲ, ಕೊರಳಲ್ಲಿ ಫೋಟೋ ಇರುವ ಕಾರ್ಡು. "ನಾನು ಇಲ್ಲಿ ಸೋಷಿಯಲ್ ವರ್ಕರ್ ಅಮ್ಮಾ" ಎಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕುಳಿತಳು. ಊಟ ಆಯ್ತಾ, ಮನೆಯಲ್ಲಿ ಯಾರಿದ್ದಾರೆ, ಯಜಮಾನರಿಗೆ ನಿದ್ದೆ ಬರುತ್ತದಾ ಎಂದೆಲ್ಲ ವಿಚಾರಿಸಿ, ಕೊನೆಗೆ ಮೆಲ್ಲನೆ, "ಸ್ವಲ್ಪ ತಗೊಳ್ಳೋ ಅಭ್ಯಾಸ ಇದ್ರೂ ಹೇಳಿ, ಏನೂ ತೊಂದ್ರೆ ಇಲ್ಲ" ಎಂದಳು.

ಪಿಳ್ಳಮ್ಮನ ಮೈಯೆಲ್ಲ ಕಿವಿಯಾಯಿತು. ಸೂಜಿ ಚುಚ್ಚುವುದಿಲ್ಲ, ಜ್ವರ ನೋಡುವುದಿಲ್ಲ, ಬ್ಯಾಂಡೇಜು ಕಟ್ಟುವುದಿಲ್ಲ. ಬರೀ ಮಾತಾಡುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಕೊಡುತ್ತಾರೆ ಎಂದಾದರೆ ಯಾರು ಕೊಡುತ್ತಾರೆ? ಇವಳು ಕಾರ್ಖಾನೆಯವರು ಬಿಟ್ಟ ಹೆಂಗಸೇ ಸರಿ ಎಂದು ಅವಳು ಆ ಕ್ಷಣವೇ ತೀರ್ಮಾನಿಸಿದಳು.

"ನಮ್ದು ಅಂತಾ ವಂಸವೇ ಅಲ್ಲ ಕಣಮ್ಮ" ಎಂದು ಸೆರಗು ಬಿಗಿದುಕೊಂಡಳು. ಯಮುನಾ ಮತ್ತೇನೂ ಕೇಳದೆ ನಗುತ್ತಾ ಎದ್ದು ಹೋದಳು. ಆ ನಗುವಂತೂ ಪಿಳ್ಳಮ್ಮನಿಗೆ ಒಂದಿಷ್ಟೂ ಹಿಡಿಸಲಿಲ್ಲ. ಆಮೇಲೂ ಯಮುನಾ ದಿನಕ್ಕೊಮ್ಮೆ ಬಂದು ಸ್ಟೂಲಿನ ಮೇಲೆ ಕೂತು ಹೋಗುತ್ತಿದ್ದಳು.

ಅಷ್ಟರಲ್ಲಿ ಇನ್ನೊಂದು ಅನುಮಾನ ಹುಟ್ಟಿಕೊಂಡಿತು. ಬಾಲಾಜಿ ದಿನಾ ಬೆಳಿಗ್ಗೆ ಸಂಜೆ ತಪ್ಪದೆ ಬರುತ್ತಿದ್ದ, ಬರುವಾಗ ಒಂದು ಎಳನೀರು ಹಿಡಿದೇ ಬರುತ್ತಿದ್ದ. "ಅತ್ತಿಗೆ, ನೀವ್ ಹೋಗಿ ಟೀ ಕುಡ್ಕೊಂಡ್ ಬನ್ನಿ, ಅಣ್ಣನ್ನ ನಾನ್ ನೋಡ್ಕೋತೀನಿ" ಎಂದು ಅವಳನ್ನು ಹೊರಗೆ ಸಾಗಹಾಕುತ್ತಿದ್ದ. ಮನೆಯಲ್ಲಿ ಅಣ್ಣನ ಯೋಗಕ್ಷೇಮ ವಿಚಾರಿಸದ ಈ ಮೈದುನನಿಗೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಎಲ್ಲಿಂದ ಉಕ್ಕಿತು? ಟೀ ಕುಡಿದು ಬಂದರೆ ಗಂಡನ ಎದೆಗೆಲ್ಲ ಅಮೃತಾಂಜನ ಬಳಿದಿರುತ್ತಿತ್ತು. ಮುರಿದದ್ದು ಕಾಲು, ಅಮೃತಾಂಜನ ಎದೆಗೆ! ಲಗ್ಗೆರೆಯ ಮನೆ ಇನ್ನೂ ಅಣ್ಣತಮ್ಮಂದಿರ ನಡುವೆ ಪಾಲಾಗಿರಲಿಲ್ಲ. ಪಿಳ್ಳಮ್ಮನ ತಲೆ ಎಲ್ಲಿಗೆ ಓಡಬೇಕೋ ಅಲ್ಲಿಗೇ ಓಡಿತು. ಇವನು ಅಣ್ಣನಿಗೆ ಏನೋ ಕುಡಿಸುತ್ತಿದ್ದಾನೆ.

ಒಂದು ಸಂಜೆ ಅವಳು ಟೀಗೆ ಹೋದಂತೆ ಮಾಡಿ ಬಾಗಿಲ ಮರೆಯಲ್ಲೇ ನಿಂತಳು. ಬಾಲಾಜಿ ಅಣ್ಣನ ತಲೆ ಎತ್ತಿ ಹಿಡಿದು ಎಳನೀರಿನ ಬುರುಡೆಯನ್ನು ಬಾಯಿಗಿಟ್ಟ. ಸೊಣ್ಣಪ್ಪ ಎರಡೂ ಕೈಯಲ್ಲಿ ಅದನ್ನು ಬಾಚಿ ಹಿಡಿದು ಗಟಗಟ ಕುಡಿಯತೊಡಗಿದ. ಎಳನೀರನ್ನು ಹಾಗೆ ಯಾರಾದರೂ ಕುಡಿಯುತ್ತಾರಾ? ಪಿಳ್ಳಮ್ಮ ನುಗ್ಗಿ ಬುರುಡೆ ಕಿತ್ತುಕೊಂಡು ಮೂಸಿದಳು. ಇಷ್ಟು ವರ್ಷ ತನ್ನ ಮನೆಯ ದಿಂಬು, ಹೊದಿಕೆ, ಗೋಡೆಯಲ್ಲೆಲ್ಲ ಕೂತಿದ್ದ ಅದೇ ವಾಸನೆ. ಬ್ರಾಂದಿ! ಅಮೃತಾಂಜನ ಬಳಿದದ್ದು ಈ ವಾಸನೆ ಮುಚ್ಚುವುದಕ್ಕೆ.

ಕೂಗುವಂತಿಲ್ಲ, ಪಕ್ಕದ ಮಂಚದವರು ನೋಡುತ್ತಿದ್ದಾರೆ. ಬಾಲಾಜಿಯ ತೋಳು ಹಿಡಿದು ವರಾಂಡಕ್ಕೆ ಎಳೆದುಕೊಂಡು ಹೋಗಿ, ಕೈತೊಳೆಯುವ ಸಿಂಕಿಗೆ ಬುರುಡೆ ಬೋರಲು ಹಾಕಿದಳು.

"ಅಲ್ವೋ ಮನೆಹಾಳ, ಇಲ್ಲಿ ಎಲ್ಲಾರೂ ನಮ್ಮನ್ನೇ ನೋಡ್ತಾವ್ರೆ. ಇದನ್ನೇನಾದ್ರೂ ಕಂಡ್ರೆ ಕಾರ್ಡ್ ಕಿತ್ಕೊಂಡು ಮನೆಗ್ ಅಟ್ತಾರೆ. ಅದೇ ಬೇಕು ಅಲ್ವಾ ನಿಂಗೆ? ನಿಮ್ಮಣ್ಣ ಕಾಲಿಲ್ದಂಗೆ ಮೂಲೇಲಿ ಬಿದ್ದಿರ್ಲಿ, ಮನೆ ಪೂರ್ತಿ ನಿಂದಾಗ್ಲಿ ಅಂತ!"

"ಅಯ್ಯೋ ಅತ್ತಿಗೆ, ಬಾಯಿಗ್ ಬಂದಂಗ್ ಮಾತಾಡ್ಬೇಡಿ. ಅಣ್ಣನೇ ಕೈ ಮುಗ್ದು ಕೇಳ್ದ. ಒಂದಿಷ್ಟು ಬೀಳದಿದ್ರೆ ಅವ್ನಿಗೆ ಆಗಲ್ಲ. ಒಂದೇ ಸಲಕ್ಕೆ ನಿಲ್ಸಿದ್ರೆ..."

"ನಿಲ್ಸಿದ್ರೆ ಒಳ್ಳೇದೇ ಆಯ್ತದೆ. ಓಗ್, ಇನ್ನ್ ಈ ಕಡೆ ತಲೆ ಹಾಕ್ಬೇಡ!"

ಬಾಲಾಜಿ ಏನೋ ಹೇಳಲು ಬಾಯಿ ತೆರೆದ. ಅವಳು ಅಷ್ಟರಲ್ಲೇ ಬಾಗಿಲಿನ ಸೆಕ್ಯುರಿಟಿಯವನ ಹತ್ತಿರ ಹೋಗಿ, ಈ ಮನುಷ್ಯನನ್ನು ಇನ್ನು ಒಳಗೆ ಬಿಡಬೇಡಿ ಎಂದು ಹೇಳಿಬಿಟ್ಟಿದ್ದಳು. ಬಾಲಾಜಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದ. ಸದ್ಯ ಗಂಡನನ್ನೂ ಕಾರ್ಡನ್ನೂ ಎರಡನ್ನೂ ಉಳಿಸಿಕೊಂಡೆ ಎಂದು ಪಿಳ್ಳಮ್ಮ ಅವತ್ತು ನೆಮ್ಮದಿಯಾಗಿ ಮಲಗಿದಳು.

ಮರುದಿನ ಸೊಣ್ಣಪ್ಪನ ಕೈ ನಡುಗತೊಡಗಿತು. ಲೋಟ ಹಿಡಿದರೆ ನೀರೆಲ್ಲ ಎದೆಗೆ. ಹಣೆಯಿಂದ ಧಾರಾಕಾರ ಬೆವರು. ನರ್ಸು ಬಂದು ಜ್ವರ ನೋಡಿದಳು, ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿದರು. "ರಾತ್ರಿ ಸೆಕೆ ಸಾ, ನಿದ್ದೆ ಇಲ್ಲ, ಅದಕ್ಕೇಯ" ಎಂದಳು ಪಿಳ್ಳಮ್ಮ. ನಡುಗುವ ಕೈ ಕಾಣದಿರಲಿ ಎಂದು ಕತ್ತಿನವರೆಗೆ ಹೊದಿಕೆ ಎಳೆದಳು. ಸೊಣ್ಣಪ್ಪ ಮಾತ್ರ ಬಾಗಿಲ ಕಡೆಗೇ ನೋಡುತ್ತಾ, "ಬಾಲಾಜಿ ಬರ್ಲಿಲ್ವಾ? ಬಾಲಾಜಿ ಬರ್ಲಿಲ್ವಾ?" ಎಂದು ಹಲುಬುತ್ತಿದ್ದ. ಅವಳು ಕೇಳಿಯೂ ಕೇಳದವಳಂತೆ ಕಿತ್ತಳೆ ಸುಲಿಯುತ್ತಾ ಕುಳಿತಿದ್ದಳು.

ಅದರ ಮರುದಿನ ಮಧ್ಯಾಹ್ನ, ನೋಡಲು ಬರುವವರನ್ನು ಒಳಗೆ ಬಿಡುವ ಹೊತ್ತು. ವಾರ್ಡಿನ ತುಂಬ ಜನ. ಸೊಣ್ಣಪ್ಪ ಹೊದಿಕೆಯ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಕೆಳಗೆ ಹಾಕತೊಡಗಿದ.

"ಏನದು?" ಎಂದಳು ಪಿಳ್ಳಮ್ಮ.

"ಇರುವೆ. ಕಾಣಾಕಿಲ್ವಾ? ಮೈ ಮೇಲೆಲ್ಲಾ ಇರುವೆ." ಇದ್ದಕ್ಕಿದ್ದಂತೆ ಅವಳ ಮುಖ ನೋಡಿದ. ಆ ನೋಟದಲ್ಲಿ ಗುರುತೇ ಇರಲಿಲ್ಲ. "ನೀನ್ ಯಾರು? ನನ್ ಎಂಡ್ತೀನ ಎಲ್ಲಿ ಇಟ್ಟಿದೀಯ? ಯಾರ್ ಕಳ್ಸಿದ್ರು ನಿನ್ನ? ಕಾರ್ಖಾನೆಯೋರಾ?"

ಪಿಳ್ಳಮ್ಮ ಕೈ ಹಿಡಿಯಹೋದರೆ ಕಿತ್ತುಕೊಂಡ. "ಮೆಷಿನ್ ಓಡ್ತಾ ಐತೆ, ಆಫ್ ಮಾಡ್ರೋ!" ಎಂದು ಅರಚುತ್ತಾ, ಕಾಲಿಗೆ ಕಟ್ಟಿದ ತೂಕವನ್ನೂ ಎಳೆದುಕೊಂಡು ಮಂಚದಿಂದ ಇಳಿಯಲು ಹೋದ. ಮುರಿದ ಕಾಲು ಸೊಟ್ಟಗೆ ತಿರುಗಿತು. ನೋವೇ ತಿಳಿಯದವನಂತೆ ಇನ್ನೂ ಮುಂದೆ ಸರಿಯುತ್ತಿದ್ದ. ನಾಲ್ಕಾರು ಜನ ಓಡಿ ಬಂದು ಹಿಡಿದುಕೊಂಡರು. ಹಿಡಿದವರನ್ನೆಲ್ಲ ಕಳ್ಳರೆಂದು ಬೈದು, ಒಬ್ಬನ ಕೈ ಕಚ್ಚಿದ.

ಡಾಕ್ಟರ್ ಶಿವಶಂಕರ್ ಓಡುತ್ತಾ ಬಂದರು. ನಾಡಿ ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು. "ಮುರಿದ ಮೂಳೆಯಿಂದ ಕೊಬ್ಬು ಮಿದುಳಿಗೆ ಹೋಗಿದೆಯೋ ಏನೋ, ಸ್ಕ್ಯಾನಿಗೆ ರೆಡಿ ಮಾಡಿ" ಎಂದು ನರ್ಸಿಗೆ ಹೇಳಿ, ಆಮೇಲೆ ಪಿಳ್ಳಮ್ಮನ ಕಡೆ ತಿರುಗಿದರು.

"ನೋಡಮ್ಮ, ಇನ್ನೊಂದು ಸಲ ಕೇಳ್ತೀನಿ. ಇವ್ರು ಕುಡೀತಾರಾ? ದಿನಾ ಕುಡಿಯೋರಿಗೆ ಒಂದೇ ಸಲ ನಿಂತ್ರೂ ಹಿಂಗೇ ಆಗುತ್ತೆ. ಅದಕ್ಕೆ ಔಷಧಿ ಬೇರೆ, ಇದಕ್ಕೆ ಬೇರೆ. ನೀವು ಇಲ್ಲ ಅಂತೀರ, ನಾವು ಬೇರೆ ಕಡೆ ಹುಡುಕ್ತಾ ಕೂತ್ರೆ ಜೀವ ಹೋಗುತ್ತೆ."

ಡಾಕ್ಟರ ಹಿಂದೆ ಯಮುನಾ ಬಂದು ನಿಂತಿದ್ದಳು. ಬಂದಳು ನೋಡು ಕಾರ್ಖಾನೆಯ ಗೂಢಚಾರಿ, ಇದಕ್ಕೇ ಕಾಯುತ್ತಿದ್ದಳು ಎನ್ನಿಸಿತು ಪಿಳ್ಳಮ್ಮನಿಗೆ. ಡಾಕ್ಟರು ಜೀವದ ಹೆದರಿಕೆ ಹಾಕಿ ಬಾಯಿ ಬಿಡಿಸುತ್ತಿದ್ದಾರೋ? ಹೂಂ ಎಂದರೆ ಕಾರ್ಡು ಹೋಯಿತು, ಕಾಲಿನ ಆಪರೇಷನ್ ಹೋಯಿತು, ಕೆಲಸ ಹೋಯಿತು. ಅವಳು ಕುಪ್ಪಸದ ಮೇಲೆ ಕೈಯಿಟ್ಟು ಕಾರ್ಡನ್ನು ಅದುಮಿ ಹಿಡಿದುಕೊಂಡಳು. ಮಂಚದ ಮೇಲಿನ ಗಂಡ ನಾಲ್ಕು ಜನರ ಕೈಯೊಳಗೆ ಮೀನಿನಂತೆ ವಿಲವಿಲ ಒದ್ದಾಡುತ್ತಾ, ತನ್ನನ್ನೇ ನೋಡುತ್ತಾ, "ಇವ್ಳು ನನ್ನ ಕೊಲ್ಲಾಕ್ ಬಂದವ್ಳೆ, ಇವ್ಳನ್ನ ಆಚೆಗ್ ಕಳ್ಸಿ" ಎಂದು ಅಳುತ್ತಿದ್ದ.

ಆ ಮಾತು ಅವಳಿಗೆ ತಾಗಿತು. ಕೊಲ್ಲಲು ಬಂದವಳು! ಹೌದಲ್ಲ, ಈಗ ಸುಮ್ಮನಿದ್ದರೆ ಕೊಂದಂತೆಯೇ ಅಲ್ಲವೇ?

"ಕುಡೀತಾರೆ!" ಎಂದಳು. ದನಿ ಹೊರಟದ್ದು ಅವಳಿಗೇ ಕೇಳಿಸಲಿಲ್ಲ. ಮತ್ತೆ ಕೂಗಿದಳು. "ಕುಡೀತಾರೆ ಸಾ! ದಿನಾ ಕುಡೀತಾರೆ. ಎದ್ದೇಟ್ಗೆ ಕುಡೀತಾರೆ, ಮಲಗೋ ಮುಂದೆ ಕುಡೀತಾರೆ. ಇಲ್ಲಿಗ್ ಬಂದ ಮೇಲೂ ಎಳ್ನೀರಲ್ಲಿ ಕುಡುದ್ರು. ನಾನೇ ಚೆಲ್ದೆ. ಎಂಗಾರಾ ಮಾಡಿ ಸಾ, ಕಾರ್ಡ್ ಬೇಕಾದ್ರೆ ಕಿತ್ಕೊಳ್ಳಿ, ಜೀವ ಒಂದ್ ಉಳ್ಸಿಕೊಡಿ!"

ಡಾಕ್ಟರು ಉತ್ತರ ಕೊಡುತ್ತಾ ನಿಲ್ಲಲಿಲ್ಲ. ನರ್ಸಿಗೆ ಯಾವುದೋ ಇಂಜೆಕ್ಷನ್ನಿನ ಹೆಸರು ಹೇಳಿದರು, ಗ್ಲೂಕೋಸಿಗೆ ಇನ್ನೇನನ್ನೋ ಸೇರಿಸಲು ಹೇಳಿದರು. ಸೊಣ್ಣಪ್ಪನನ್ನು ಮಂಚದ ಸಮೇತ ಐಸಿಯುಗೆ ತಳ್ಳಿಕೊಂಡು ಹೋದರು. ಪಿಳ್ಳಮ್ಮ ಖಾಲಿ ಜಾಗದಲ್ಲಿ ನಿಂತೇ ಇದ್ದಳು. ವಾರ್ಡಿನ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು, ಆದರೆ ತಲೆ ಎತ್ತಲು ನಾಚಿಕೆ.

ಯಮುನಾ ಅವಳನ್ನು ಕರೆದುಕೊಂಡು ಹೋಗಿ ಐಸಿಯು ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ನೀರು ಕೊಟ್ಟಳು. ಪಿಳ್ಳಮ್ಮ ಕುಡಿಯಲಿಲ್ಲ. ಕುಪ್ಪಸದಿಂದ ಕಾರ್ಡು ತೆಗೆದು ಬೆಂಚಿನ ಮೇಲೆ ಕುಕ್ಕಿದಳು.

"ತಗೋ. ಇದಕ್ಕೇ ತಾನೇ ಅವತ್ತಿಂದ ಸುತ್ತುತಿದ್ದಿದ್ದು?"

ಯಮುನಾ ಕಾರ್ಡನ್ನು ಎತ್ತಿ ಅವಳ ಮಡಿಲಲ್ಲೇ ಇಟ್ಟಳು. "ಇದನ್ನ ಯಾರೂ ಕಿತ್ಕೊಳ್ಳಲ್ಲ ಅಮ್ಮ. ಕುಡಿತಾನೂ ಒಂದು ಕಾಯಿಲೆ. ಕಾಲಿಗೆ ಕೊಡೋ ಹಾಗೇ ಅದಕ್ಕೂ ಈ ಕಾರ್ಡಲ್ಲೇ ಚಿಕಿತ್ಸೆ ಕೊಡ್ತಾರೆ. ಅದನ್ನ ಹೇಳೋಕೇ ಕಣ್ರೀ ನಾನು ಬಂದು ಬಂದು ಕೂರ್ತಿದ್ದಿದ್ದು."

"ಮತ್ತೆ ಲಕ್ಷ್ಮಣಪ್ಪಂಗೆ?"

"ಅವರ ವಿಷಯ ನನಗೆ ಗೊತ್ತಿಲ್ಲ. ಬೆರಳು ಹೋಗಿದ್ದಕ್ಕೆ ಪರಿಹಾರ ಕೊಡಬೇಕಾ ಬೇಡವಾ ಅಂತ ಜಗಳ ಆಗಿರ್ಬೇಕು. ಅದೇ ಬೇರೆ, ಕಾಯಿಲೆಗೆ ಔಷಧಿ ಕೊಡೋದೇ ಬೇರೆ."

ಪಿಳ್ಳಮ್ಮ ನಂಬಲಿಲ್ಲ. ಇಷ್ಟು ಸುಲಭಕ್ಕೆ ನಂಬಿದರೆ ಅವಳು ಪಿಳ್ಳಮ್ಮನೇ ಅಲ್ಲ. "ಕುಡುಕ್ರಿಗೆ ಪುಕ್ಕಟೆ ಔಸ್ತಿ ಕೊಡಾಕೆ ಸರ್ಕಾರಕ್ಕೇನ್ ಉಚ್ಚಾ?"

"ಪುಕ್ಕಟೆ ಅಂತ ಯಾರು ಹೇಳಿದ್ದು? ತಿಂಗಳು ತಿಂಗಳೂ ನಿಮ್ಮ ಯಜಮಾನ್ರ ಸಂಬಳದಲ್ಲಿ ಹಿಡ್ಕೊಂಡಿಲ್ವಾ?"

ಹಿಡಿದುಕೊಂಡಿದ್ದಾರೆ ಎಂದ ಕೂಡಲೇ ಪಿಳ್ಳಮ್ಮನಿಗೆ ಆ ಮಾತಿನಲ್ಲಿ ಸ್ವಲ್ಪ ನಂಬಿಕೆ ಬಂತು. ಸುಮ್ಮನೆ ಕೊಡುತ್ತೇವೆ ಎನ್ನುವವರನ್ನು ನಂಬಬಾರದು, ಕಿತ್ತುಕೊಂಡದ್ದನ್ನು ವಾಪಸು ಕೊಡುತ್ತೇವೆ ಎನ್ನುವವರನ್ನು ಒಂದಿಷ್ಟು ನಂಬಬಹುದು. ಲೋಟ ಎತ್ತಿ ನೀರು ಕುಡಿದಳು. ಆಮೇಲೆ ಫೋನ್ ತೆಗೆದು ಬಾಲಾಜಿಗೆ ಮಾಡಿ, "ಬಾರಪ್ಪಾ" ಎಂದಳು. ಅಷ್ಟೇ ಹೇಳಲಾದದ್ದು, ಉಳಿದದ್ದೆಲ್ಲ ಅಳು.

ಕೆಲವು ದಿನಗಳು ಹೋದವು. ಸೊಣ್ಣಪ್ಪನ ಇರುವೆಗಳು ಹೋದವು, ಮೆಷಿನ್ನಿನ ಸದ್ದು ಹೋಯಿತು. ಮತ್ತೆ ವಾರ್ಡಿಗೆ ತಂದು ಹಾಕಿದರು. ಅವನಿಗೆ ಏನೂ ನೆನಪಿರಲಿಲ್ಲ. ಜ್ವರ ಬಂದು ಎರಡು ದಿನ ಮಲಗಿದ್ದೆ ಎಂದುಕೊಂಡಿದ್ದ. ಪಿಳ್ಳಮ್ಮನೂ ಏನೂ ಹೇಳಲಿಲ್ಲ, ಗಂಜಿ ಕುಡಿಸುತ್ತಾ ಅವನ ಮುಖವನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಆ ಮುಖ ಹಗಲು ಹೊತ್ತಿನಲ್ಲಿ ತಿಳಿಯಾಗಿತ್ತು.

ಒಂದು ದಿನ ಡಾಕ್ಟರೂ ಯಮುನಾಳೂ ಜೊತೆಗೇ ಬಂದರು. ಕಾಲಿನ ಆಪರೇಷನ್ ಆಗುತ್ತದೆ, ಅದಾದ ಮೇಲೆ ಮನೆಗಲ್ಲ, ಕುಡಿತ ಬಿಡಿಸುವ ವಾರ್ಡಿಗೆ ಹೋಗಿ ಕೆಲವು ವಾರ ಇರಬೇಕು, ಅದಕ್ಕೆ ನಿಮ್ಮ ಒಪ್ಪಿಗೆ ಬೇಕು, ಒತ್ತಾಯ ಇಲ್ಲ ಎಂದು ಡಾಕ್ಟರು ವಿವರಿಸಿದರು.

ಸೊಣ್ಣಪ್ಪ ನಕ್ಕುಬಿಟ್ಟ. "ಯಾರ್ ಸಾ ಏಳಿದ್ದು ನಾನ್ ಕುಡೀತೀನಿ ಅಂತ? ಬೇಕಾದ್ರೆ ನನ್ ಎಂಡ್ತೀನ ಕೇಳಿ."

ಎಷ್ಟು ಧೈರ್ಯವಾಗಿ ಹೇಳಿದ! ಈ ಒಂದು ವಿಷಯದಲ್ಲಿ ಹೆಂಡತಿ ತನ್ನ ಕೈ ಬಿಟ್ಟದ್ದೇ ಇಲ್ಲ, ಇವತ್ತೂ ಬಿಡುವುದಿಲ್ಲ ಎಂಬ ಧೈರ್ಯ ಅದು. ಪಿಳ್ಳಮ್ಮ ಬಾಯಿ ತೆರೆಯದಿದ್ದಾಗ ಅವನ ನಗು ಸಣ್ಣದಾಯಿತು. ಮಂಚದ ಕಾಲ ಬಳಿ ನಿಂತಿದ್ದ ತಮ್ಮನನ್ನು ಕಂಡು ಕೆರಳಿದ.

"ಇವನೇ! ಈ ನನ್ಮಗನೇ ಊದಿರೋದು. ಬಾಲಾಜಿ, ನೀನೇ ತಾನೇ ಏಳಿದ್ದು?"

ಬಾಲಾಜಿ ಅತ್ತಿಗೆಯನ್ನು ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ, "ಹೂಂ ಅಣ್ಣ, ನಾನೇ" ಎಂದ.

ಪಿಳ್ಳಮ್ಮನಿಗೆ ದಾರಿ ಸಲೀಸಾಗಿ ತೆರೆದುಕೊಂಡಿತು. ಆ ಹುಡುಗ ಹೊತ್ತುಕೊಂಡಿದ್ದಾನೆ, ಹೊರಲಿ. ಅಣ್ಣತಮ್ಮಂದಿರು ನಾಲ್ಕು ದಿನ ಮುನಿಸಿಕೊಂಡು ಆಮೇಲೆ ಸರಿಹೋಗುತ್ತಾರೆ. ತಾನು ಸುಮ್ಮನಿದ್ದರೆ ಗಂಡನ ಪಾಲಿಗೆ ತಾನು ಹಳೆಯ ಪಿಳ್ಳಮ್ಮನೇ. ಆದರೆ ತಾನು ಸುಮ್ಮನಿದ್ದರೆ ಇವನು ಒಪ್ಪುವುದೂ ಇಲ್ಲ. ಕುಂಟುತ್ತಾ ಮನೆಗೆ ಬಂದು ಮತ್ತೆ ಅದೇ ಬಾಟಲಿ ಹಿಡಿಯುತ್ತಾನೆ.

"ಅವನಲ್ಲ, ನಾನ್ ಏಳಿದ್ದು" ಎಂದಳು.

"ನೀನಾ?"

"ಊಂ, ನಾನೇಯ. ಈ ವಾರ್ಡಿನೋರ್ ಮುಂದೆ ಎಲ್ಲಾ ಕೂಗಿ ಏಳ್ದೆ. ನನ್ ಗಂಡ ಕುಡುಕ ಅಂತ. ಈಗ್ಲೂ ಏಳ್ತೀನಿ, ನಾಳೇನೂ ಏಳ್ತೀನಿ. ಫೋನ್ ಬಂದ್ರೆ ಸೂಪರ್‌ವೈಸರ್‌ಗೂ ಏಳ್ತೀನಿ. ಒಪ್ಕೋ, ಓಗು ಆ ವಾರ್ಡಿಗೆ. ಇಲ್ದಿದ್ರೆ ನಿನ್ ಪರವಾಗಿ ಸುಳ್ ಏಳಾಕೆ ಮನೇಲಿ ಇನ್ ಯಾರೂ ಇಲ್ಲ."

ಗಂಡನನ್ನು ಏಕವಚನದಲ್ಲಿ ಕರೆದದ್ದು ಅವಳಿಗೇ ಗಮನಕ್ಕೆ ಬರಲಿಲ್ಲ. ಸೊಣ್ಣಪ್ಪ ಅವಳನ್ನೇ ನೋಡಿದ. ಎಲ್ಲರೂ ನೋಡುತ್ತಿದ್ದರು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಬೈಯುತ್ತಾನೆ ಎಂದುಕೊಂಡಳು ಪಿಳ್ಳಮ್ಮ. ಅವನು ಗೋಡೆಗೇ ಹೇಳಿದಂತೆ, "ಆಗ್ಲಿ ಸಾ, ಓಗ್ತೀನಿ" ಎಂದ.

ಡಾಕ್ಟರೂ ಯಮುನಾಳೂ ಮುಂದಿನ ಮಂಚಕ್ಕೆ ಹೋದರು. ಬಾಲಾಜಿ ಟೀ ತರುತ್ತೇನೆಂದು ಹೊರಗೆ ನಡೆದ. ಸೊಣ್ಣಪ್ಪ ಇನ್ನೂ ಗೋಡೆಯ ಕಡೆಗೇ ತಿರುಗಿದ್ದ.

"ಪಿಳ್ಳಿ."

"ಊಂ."

"ಇಷ್ಟ್ ವರ್ಸ ಯಾಕೆ ಏಳ್ಲಿಲ್ಲ ನೀನು?"

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳೂ ಎರಡು ಮಾತು ತಿರುಗಿಸಿ ಕೊಡುತ್ತಿದ್ದಳು. ಕಾರ್ಡು, ಕೆಲಸ, ಅಕ್ಕಪಕ್ಕದವರು, ಮರ್ಯಾದೆ ಎಂದು ಒಂದೊಂದನ್ನೇ ನಾಲಿಗೆಯ ತುದಿಗೆ ತಂದಳು. ಒಂದನ್ನೂ ಅವನ ಮುಂದೆ ಇಡಲಾಗಲಿಲ್ಲ. ಅವಳು ಮಂಚದ ಅಂಚಿನಲ್ಲಿ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅವನು ತಿರುಗಿ ನೋಡದೆ ಉತ್ತರಕ್ಕೆ ಕಾಯುತ್ತಲೇ ಇದ್ದ.